ಹಿಂದೂಸ್ತಾನಿ ಕೇಳಿ ಬೆಳೆದವರು ಉಡುಪಿಯ ಆರಾಧನೆಗೆ ಹೋದರೆ ಏನು ಕೇಳಬೇಕು?

ಪ್ರಶ್ನೆ: ನಾನು ಧಾರವಾಡದವನು, ಕೆಲಸದ ಮೇಲೆ ಮಂಗಳೂರಿಗೆ ಬಂದಿದ್ದೇನೆ. ಮನೆಯಲ್ಲಿ ಹಿಂದೂಸ್ತಾನಿ ಕೇಳಿ ಬೆಳೆದೆ. ಕರ್ನಾಟಕ ಸಂಗೀತ ಇನ್ನೂ ತಲೆಗೆ ಹತ್ತಿಲ್ಲ. ಉಡುಪಿ ಕಡೆ ತ್ಯಾಗರಾಜರ, ಪುರಂದರದಾಸರ ಆರಾಧನೆ ಅಂತ ಸಂಗೀತೋತ್ಸವ ಮಾಡುತ್ತಾರಂತೆ. ಸಂಜೆಯ ದೊಡ್ಡ ಕಚೇರಿಗೆ ಮಾತ್ರ ಹೋದರೆ ಸಾಕಾ? ನನಗೆ ಏನಾದರೂ ಅರ್ಥವಾಗುತ್ತದಾ?

ಉತ್ತರ:

ಸಂಜೆಯದ್ದು ತಪ್ಪಿದರೂ ಪರವಾಗಿಲ್ಲ, ಬೆಳಗ್ಗೆ ಹೋಗಿ.

ದೊಡ್ಡ ಕಲಾವಿದರ ಕಚೇರಿ ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತದೆ. ಎಲ್ಲರೂ ಕೂಡಿ ಹಾಡುವ ಬೆಳಗ್ಗಿನ ಗೋಷ್ಠಿ ಗಾಯನ ಮಾತ್ರ ಅಲ್ಲೇ ಕೂತು ಕೇಳಬೇಕಾದದ್ದು. ನಾನೇನೂ ಹಾಡುಗಾರನಲ್ಲ. ನಮ್ಮ ಗುರುಗಳ ಶಾಲೆಯ ಆರಾಧನೆಯಲ್ಲಿ ಜಮಖಾನ ಹಾಸುವುದು, ಮೈಕ್ ಇಡುವುದು, ಕಲಾವಿದರಿಗೆ ಬಿಸಿನೀರು ಕೊಡುವುದು ನನ್ನ ಕೆಲಸ. ಮೃದಂಗ ಸ್ವಲ್ಪ ಕಲಿತಿದ್ದೇನೆ. ಹಾಗಾಗಿ ಇದು ವೇದಿಕೆಯ ಪಕ್ಕದಲ್ಲಿ ನಿಂತು ನೋಡಿದವನ ಉತ್ತರ.

ಮೊದಲು ದಿನದ ಲೆಕ್ಕ. ಆರಾಧನೆ ಅಂದರೆ ಪುಣ್ಯತಿಥಿಯ ನೆನಪಿನ ಉತ್ಸವ. ತ್ಯಾಗರಾಜರು 1847ರಲ್ಲಿ ಪುಷ್ಯ ಬಹುಳ ಪಂಚಮಿಯಂದು ತೀರಿಕೊಂಡರು. ಪುರಂದರದಾಸರ ಪುಣ್ಯದಿನ ಅದೇ ಪುಷ್ಯದ ಅಮಾವಾಸ್ಯೆ. ನಡುವೆ ಹತ್ತೇ ದಿನ. ಅದಕ್ಕೇ ನಮ್ಮ ಕಡೆ ಇಬ್ಬರದ್ದನ್ನೂ ಸೇರಿಸಿ ಒಂದೇ ಉತ್ಸವ ಮಾಡುವುದು ಜಾಸ್ತಿ. ಜನವರಿ, ಫೆಬ್ರವರಿಯಲ್ಲಿ ಸಭಾಂಗಣ ಯಾವಾಗ ಸಿಗುತ್ತದೋ ಆವಾಗ. ತಿಥಿಗೆ ಸರಿಯಾಗಿಯೇ ಇರುತ್ತದೆ ಅಂತ ನಂಬಿ ಬಸ್ಸು ಹತ್ತಬೇಡಿ. ಮೊದಲು ಆಮಂತ್ರಣ ಪತ್ರಿಕೆ ನೋಡಿ.

ಗೋಷ್ಠಿ ಅಂದರೆ ಎಲ್ಲರೂ ಸೇರಿ ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಹಾಡುವುದು. ನಾಟ, ಗೌಳ, ಆರಭಿ, ವರಾಳಿ, ಶ್ರೀ, ಹೀಗೆ ಐದು ರಾಗ. ಐದೂ ಆದಿತಾಳ. ಮೊದಲಿನದ್ದು ಸಂಸ್ಕೃತ, ಉಳಿದ ನಾಲ್ಕು ತೆಲುಗು. ವಿದ್ವಾಂಸರು ಎದುರು ಸಾಲಿನಲ್ಲಿ ಕೂರುತ್ತಾರೆ. ಹಿಂದೆ ಅವರ ಶಿಷ್ಯರು, ಅದರ ಹಿಂದೆ ಶಿಷ್ಯರ ಶಿಷ್ಯರು. ಕೊನೆಯ ಸಾಲಿನಲ್ಲಿ ಸಂಗೀತದ ಜೂನಿಯರ್ ಪರೀಕ್ಷೆಯನ್ನೂ ಮುಗಿಸದ ಮಕ್ಕಳು, ಸಾಹಿತ್ಯ ಗೊತ್ತಿಲ್ಲದ ಕಡೆ ಬರೀ ಬಾಯಿ ಅಲ್ಲಾಡಿಸುತ್ತಾ. ಪುಸ್ತಕ ಹಿಡಿದು ಹಾಡುವ ಬ್ಯಾಂಕ್ ನೌಕರರು, ನಿವೃತ್ತ ಮೇಷ್ಟ್ರುಗಳು, ಮಗಳನ್ನು ಕ್ಲಾಸಿಗೆ ಬಿಡಲು ಬಂದು ತಾವೇ ಕಲಿತ ಅಮ್ಮಂದಿರು, ಎಲ್ಲರೂ ಇರುತ್ತಾರೆ. ಶ್ರುತಿ ಎಲ್ಲರದ್ದೂ ಒಂದೇ. ಗಂಡಸರಿಗೆ ಅದು ಎತ್ತರ, ಹೆಂಗಸರಿಗೆ ತಗ್ಗು. ಯಾರಿಗೂ ಪೂರ್ತಿ ಆರಾಮವಿಲ್ಲ. ಆದರೂ ನಾಟದ ಸ್ವರಭಾಗ ಮುಗಿದು ಎಲ್ಲರೂ ಒಟ್ಟಿಗೆ ಪಲ್ಲವಿಗೆ ಬಂದಾಗ ಸಭಾಂಗಣವೇ ಹಾಡಿದ ಹಾಗೆ ಕೇಳುತ್ತದೆ. ಸಂಜೆ ಟಿಕೆಟ್ ಇಟ್ಟರೂ ಜನ ಬರುವ ಕಲಾವಿದರು ಬೆಳಗ್ಗೆ ಇದೇ ಜಮಖಾನದ ಮೇಲೆ ಸಂಭಾವನೆಯ ಮಾತಿಲ್ಲದೆ ಕೂತಿರುತ್ತಾರೆ. ನೋಡಬೇಕಾದ್ದು ಇದನ್ನು.

ವರಾಳಿ ಬಂದಾಗ ಸ್ವಲ್ಪ ಗಮನಿಸಿ. ಆ ರಾಗವನ್ನು ಗುರು ಶಿಷ್ಯನಿಗೆ ನೇರವಾಗಿ ಪಾಠ ಮಾಡಬಾರದು, ಮಾಡಿದರೆ ಸಂಬಂಧ ಕೆಡುತ್ತದೆ ಅಂತ ಒಂದು ಹಳೆಯ ನಂಬಿಕೆ ಇದೆ. ಅದಕ್ಕೆ ಎಷ್ಟೋ ಜನ ಅದನ್ನು ಗೋಷ್ಠಿಯಲ್ಲಿ ಪಕ್ಕದವರಿಂದ ಕೇಳಿಯೇ ಕಲಿಯುತ್ತಾರೆ. ನಮ್ಮ ಗುರುಗಳು ಇದನ್ನೆಲ್ಲ ನಂಬುವವರಲ್ಲ. ಆದರೂ ವರಾಳಿ ಪಾಠ ಮಾತ್ರ ಮಾಡಲಿಲ್ಲ ನೋಡಿ!

ಗೋಷ್ಠಿಯಲ್ಲಿ ಹೆಂಗಸರೇ ಹೆಚ್ಚು. ಈಗ ಅದು ಯಾರಿಗೂ ವಿಶೇಷ ಅನಿಸುವುದಿಲ್ಲ. ಆದರೆ ತ್ಯಾಗರಾಜರ ಸಮಾಧಿ ಇರುವ ತಮಿಳುನಾಡಿನ ತಿರುವಯ್ಯಾರಿನ ಮೂಲ ಆರಾಧನೆಯಲ್ಲಿ ಒಂದು ಕಾಲಕ್ಕೆ ಹೆಂಗಸರಿಗೆ ಹಾಡಲು ಬಿಡುತ್ತಿರಲಿಲ್ಲ. 1920ರ ದಶಕದಲ್ಲಿ ಗಾಯಕಿ ಬೆಂಗಳೂರು ನಾಗರತ್ನಮ್ಮ ತಮ್ಮ ದುಡ್ಡು ಹಾಕಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಹೆಂಗಸರದ್ದೇ ಬೇರೆ ಆರಾಧನೆಯನ್ನೂ ಶುರು ಮಾಡಿದರು. 1940ರ ಹೊತ್ತಿಗೆ, ಬೇರೆ ಬೇರೆ ಆರಾಧನೆ ನಡೆಸುತ್ತಾ ಜಗಳವಾಡುತ್ತಿದ್ದ ಬಣಗಳೆಲ್ಲ ಒಂದಾದವು. ನಾಗರತ್ನಮ್ಮ ನಂಜನಗೂಡು ಕಡೆಯವರು, ನಮ್ಮ ರಾಜ್ಯದವರೇ. ಆರಾಧನೆಯ ಭಾಷಣಗಳಲ್ಲಿ ಅವರ ಹೆಸರು ಇನ್ನೂ ಜಾಸ್ತಿ ಬರಬೇಕಿತ್ತು ಅಂತ ನನ್ನ ಅಭಿಪ್ರಾಯ.

ಇನ್ನು, ಅರ್ಥವಾಗುತ್ತದಾ ಅಂತ ಕೇಳಿದ್ದೀರಿ. ಧಾರವಾಡದವರು ಈ ಪ್ರಶ್ನೆ ಕೇಳಬಾರದು ಮಾರಾಯ್ರೆ! ಇಲ್ಲಿ ಮೋಹನ ರಾಗ ಅಂದರೆ ನಿಮ್ಮ ಭೂಪ್. ಹಿಂದೋಳ ಅಂದರೆ ಮಾಲಕೌಂಸ್. ಶುದ್ಧ ಸಾವೇರಿ ನಿಮ್ಮ ದುರ್ಗಾ. ಕಲ್ಯಾಣಿ ಕೇಳಿದರೆ ಯಮನ್ ನೆನಪಾಗುತ್ತದೆ. ಸಣ್ಣ ಮಕ್ಕಳು ಮೊದಲು ಕಲಿಯುವ ಸರಳೆ, ಜಂಟಿ ವರಸೆಗಳ ಮಾಯಾಮಾಳವಗೌಳದಲ್ಲಿ ಇರುವುದು ನಿಮ್ಮ ಭೈರವ್ ಥಾಟಿನ ಸ್ವರಗಳೇ. ಆ ಪಾಠಕ್ರಮ ಹಾಕಿಕೊಟ್ಟದ್ದು ಪುರಂದರದಾಸರು ಅಂತ ಹೇಳುತ್ತಾರೆ. ವರಸೆಗಳಾದ ಮೇಲೆ ಮಕ್ಕಳು ಕಲಿಯುವ, ಮಲಹರಿ ರಾಗದ ಪಿಳ್ಳಾರಿ ಗೀತೆಗಳೂ ಅವರವೇ. ತ್ಯಾಗರಾಜರು ತಮ್ಮ ಪ್ರಹ್ಲಾದ ಭಕ್ತಿ ವಿಜಯ ಅನ್ನುವ ಗೇಯನಾಟಕದಲ್ಲಿ ದಾಸರಿಗೆ ನಮಸ್ಕಾರ ಹೇಳಿಯೇ ಮುಂದೆ ಹೋಗುತ್ತಾರೆ. ಭೀಮಸೇನ ಜೋಶಿಯವರ ದನಿಯಲ್ಲಿ ನೀವು ಕೇಳಿರುವ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಇಲ್ಲಿ ಮಧ್ಯಮಾವತಿಯಲ್ಲಿ ಬರುತ್ತದೆ. ಸಾಹಿತ್ಯ ಗೊತ್ತಿರುವುದರಿಂದ ಹಾಡುವ ಕ್ರಮ ಎಲ್ಲಿ ಬೇರೆಯಾಗುತ್ತದೆ ಅಂತ ನಿಮಗೇ ತಿಳಿಯುತ್ತದೆ.

ನಿಮಗೆ ಕಷ್ಟವಾಗುವುದು ಬೇರೆ ಕಡೆ. ವಿಲಂಬಿತದಲ್ಲಿ ಒಂದೇ ರಾಗವನ್ನು ಮುಕ್ಕಾಲು ಗಂಟೆ ಬೆಳೆಸುವುದು ಕೇಳಿ ಅಭ್ಯಾಸ ಅಲ್ವಾ? ಇಲ್ಲಿ ಮೊದಲು ಹಾಡುವ ವರ್ಣ ಮುಗಿಯುವುದರೊಳಗೆ ಕೃತಿ, ಅದು ಮುಗಿದರೆ ಇನ್ನೊಂದು ರಾಗ. ‘ಇಷ್ಟು ಗಡಿಬಿಡಿ ಯಾಕೆ’ ಅನಿಸಬಹುದು. ಪ್ರಧಾನ ಕೃತಿ ಬರುವವರೆಗೆ ಕಾಯಿರಿ. ಆಲಾಪನೆ, ಒಂದೇ ಸಾಲನ್ನು ಬೇರೆ ಬೇರೆ ರೀತಿ ಬೆಳೆಸುವ ನೆರವಲ್, ಸ್ವರ ಎಲ್ಲ ವಿಸ್ತಾರವಾಗಿ ಬರುವುದು ಅಲ್ಲಿ. ಅದರ ಬೆನ್ನಿಗೇ ಮೃದಂಗದವರ ತನಿ ಆವರ್ತನ, ಅಂದರೆ ಹಾಡು ನಿಲ್ಲಿಸಿ ತಾಳವಾದ್ಯ ಮಾತ್ರ ನುಡಿಸುವುದು. ತನಿ ಶುರುವಾದ ಕೂಡಲೇ ಅರ್ಧ ಸಭೆ ಕಾಫಿಗೆ ಏಳುತ್ತದೆ. ನೀವು ಏಳಬೇಡಿ. ಮೃದಂಗದವನಾಗಿ ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕೂರುವುದಾದರೆ ಸಭಾಂಗಣದ ಎಡಗಡೆ ಕೂರಿ. ಮೃದಂಗದವರು ಸಾಮಾನ್ಯವಾಗಿ ಹಾಡುಗಾರರ ಬಲಕ್ಕೆ, ಅಂದರೆ ನಿಮ್ಮ ಎಡಕ್ಕೆ ಇರುತ್ತಾರೆ. ಬಲಗೈ ಬೆರಳುಗಳು ಚರ್ಮದ ನಡುವಿನ ಕಪ್ಪು ಲೇಪ, ಅಂದರೆ ಕರಣೆಯ ಮೇಲೆ ಆಡುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಕಚೇರಿ ಶುರುವಾಗುವ ಮೊದಲೇ ಹೋಗಿ. ಅವರು ಎಡಭಾಗಕ್ಕೆ ರವೆಯನ್ನು ನೀರಲ್ಲಿ ಕಲಸಿ ಮೆತ್ತುತ್ತಾರೆ. ಗುಂ ಅನ್ನುವ ತಗ್ಗಿನ ನಾದ ಬರುವುದು ಅದರಿಂದ. ಬಲಭಾಗದ ಅಂಚಿನ ಹೆಣಿಗೆಗೆ ಮರದ ತುಂಡು ಇಟ್ಟು ಕಲ್ಲಿನಿಂದ ಮೆಲ್ಲಗೆ ತಟ್ಟುತ್ತಾರೆ. ಒಳಕ್ಕೆ ತಟ್ಟಿದರೆ ಶ್ರುತಿ ಏರುತ್ತದೆ, ಕೆಳಗಿನಿಂದ ಮೇಲಕ್ಕೆ ತಟ್ಟಿದರೆ ಇಳಿಯುತ್ತದೆ. ನಮ್ಮ ಕರಾವಳಿಯ ಹವೆ ಚರ್ಮಕ್ಕೆ ಶತ್ರು. ಹೊರಗೆ ಸರಿ ಮಾಡಿ ತಂದದ್ದು ಏಸಿಯೊಳಗೆ ಬಂದರೆ ಮತ್ತೆ ಬೇರೆ. ಎರಡು ಹಾಡಿನ ನಡುವೆ ಟಕ್ ಟಕ್ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ತಾಳ ಹಾಕುವುದು ಸುಲಭ. ಒಂದು ತಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ತಟ್ಟಿ ಕೈ ಮಗುಚುವುದು ಎರಡು ಸಲ. ಒಟ್ಟು ಎಂಟು. ಅದೇ ಆದಿತಾಳ. ತಪ್ಪಿದರೆ ಪಕ್ಕದ ಅಜ್ಜಿಯ ಕೈ ನೋಡಿ. ಅವರದ್ದು ತಪ್ಪುವುದಿಲ್ಲ.

ಒಂದು ಮಾತು ಬಿಟ್ಟೇ ಹೋಯಿತು. ಮಂಗಳೂರಲ್ಲಿ ಒಂದು ಮದುವೆಗೆ ಹೋಗಿದ್ದರೂ ನೀವು ಈಗಾಗಲೇ ಕರ್ನಾಟಕ ಸಂಗೀತ ಕೇಳಿದ್ದೀರಿ. ನಮ್ಮ ಮದುವೆ, ದೇವಸ್ಥಾನದ ಉತ್ಸವಗಳಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಾರಲ್ಲ, ಬೇರೆ ಊರಿನವರು ಅದನ್ನು ಕಂಡು ಬೆರಗಾಗುತ್ತಾರೆ. ಬಂಟ್ವಾಳದ ಹತ್ತಿರದ ಸಜಿಪಮೂಡದ ಕದ್ರಿ ಗೋಪಾಲನಾಥರು ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ನೋಡಿ ಮರುಳಾದರು. ತಂದೆಯದ್ದು ನಾಗಸ್ವರ. ಸ್ವರವನ್ನು ಓಲಾಡಿಸುವ ಗಮಕಕ್ಕೆ ಒಗ್ಗದ ವಾದ್ಯವನ್ನು ವರ್ಷಗಟ್ಟಲೆ ಸಾಧನೆ ಮಾಡಿ ಪಳಗಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ತೀರಿಕೊಂಡರು. ಈಗ ಮದುವೆ ಮಂಟಪದಲ್ಲಿ ಧಾರೆಯ ಗದ್ದಲದ ನಡುವೆಯೂ ಒಳ್ಳೆಯ ಕಲ್ಯಾಣಿ ನುಡಿಸುವವರು ಇಲ್ಲಿದ್ದಾರೆ. ಕೇಳುವವರು ಕಡಿಮೆ ಅಷ್ಟೇ. ಊಟದ ಪಂಕ್ತಿ ಕಡೆಗೇ ಎಲ್ಲರ ಗಮನ.

ಸಭಾ ಕಾರ್ಯಕ್ರಮದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಅದು ಉದ್ದ. ಸ್ವಾಗತ, ಪ್ರಸ್ತಾವನೆ, ಉದ್ಘಾಟನೆ, ಪ್ರಾಯೋಜಕರ ಎರಡು ಮಾತು (ಎರಡಕ್ಕೆ ನಿಂತದ್ದು ನಾನು ನೋಡಿಲ್ಲ). ಎದ್ದು ಹೊರಗೆ ಹೋಗುವವರಿದ್ದಾರೆ, ನಾನೂ ಹೋಗುತ್ತೇನೆ. ಸನ್ಮಾನದ ಹೊತ್ತಿಗೆ ಮಾತ್ರ ಒಳಗೆ ಬನ್ನಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮಾಮೂಲು. ಆದರೆ ಕುರ್ಚಿಯಲ್ಲಿ ಕೂತವರು ಹೆಚ್ಚಾಗಿ ಯಾವುದೋ ಹಳ್ಳಿಯಲ್ಲಿ ಫೀಸು ಕೇಳದೆ ಪಾಠ ಹೇಳಿದವರು, ಇಲ್ಲವೇ ದೊಡ್ಡವರ ಪಕ್ಕ ಪಿಟೀಲು ನುಡಿಸಿ ಹೆಸರು ಮಾಡದವರು. ಅವರ ಹೆಸರು ಕರೆದಾಗ ಬೆಳಗ್ಗಿನ ಗೋಷ್ಠಿಯ ಅರ್ಧ ಜನ ಎದ್ದು ನಿಲ್ಲುತ್ತಾರೆ. ಎಲ್ಲ ಶಿಷ್ಯರೇ.

ಮಂಗಳೂರಿನಿಂದ ಹೊರಡುವುದಾದರೆ ಹೆದ್ದಾರಿ 66ರಲ್ಲಿ ಬಸ್ಸಿಗೆ ತೊಂದರೆಯಿಲ್ಲ. ಗೋಷ್ಠಿಗೆ ಸಮಯಕ್ಕೆ ಮುಟ್ಟಬೇಕಾದರೆ ಬೆಳಗ್ಗೆ ಬೇಗ ಎದ್ದೇ ಹೊರಡಬೇಕು. ಕಾರ್ಯಕ್ರಮ ಕೃಷ್ಣ ಮಠದ ರಾಜಾಂಗಣದಲ್ಲಿದ್ದರೆ ರಥಬೀದಿಗೆ ಬನ್ನಿ. ಕೃಷ್ಣನ ದರ್ಶನಕ್ಕೂ ಹೋಗುವುದಾದರೆ ಗಂಡಸರು ಅಂಗಿ ತೆಗೆಯಬೇಕು, ಸುಲಭದ ಬಟ್ಟೆ ಹಾಕಿಕೊಳ್ಳಿ. ಕುಂಜಿಬೆಟ್ಟಿನ ಎಂಜಿಎಂ ಕಾಲೇಜಿನಲ್ಲಿದ್ದರೆ ಮಣಿಪಾಲದ ಬಸ್ಸು ಹತ್ತಿ. ತಿಂಡಿ ಸಂಘಟಕರೇ ಕೊಡುವುದುಂಟು, ಸಜ್ಜಿಗೆ ಬಜಿಲ್ (ಉಪ್ಪಿಟ್ಟು, ಅವಲಕ್ಕಿ) ಸಿಕ್ಕಿದರೆ ಬಿಡಬೇಡಿ. ಸಂಜೆಯ ಕಚೇರಿಗೂ ಉಳಿಯುವ ಮನಸ್ಸಾದರೆ ವಾಪಸು ಬಸ್ಸಿನ ಸಮಯ ಮೊದಲೇ ಕೇಳಿಟ್ಟುಕೊಳ್ಳಿ. ಕಚೇರಿಗಳು ಹೇಳಿದ ಹೊತ್ತಿಗೆ ಮುಗಿಯುವುದು ಕಡಿಮೆ. ಮಂಗಳ ಹಾಡುವ ಮೊದಲು ಎದ್ದು ಓಡುವುದು ನಿಮಗೂ ಬೇಜಾರು, ಹಾಡುವವರಿಗೂ ಬೇಜಾರು.