ಐದು ಫಂಕ್ಷನ್ ಕಂಪೈಲ್ ಮಾಡಿದೆ, ಐದೂ ಒಂದೇ ಗೆರೆ ಬಂತು!

ಪ್ರಶ್ನೆ: ಮ್ಯಾಥಮ್ಯಾಟಿಕಾ ಅನ್ನುವ ಗಣಿತದ ಸಾಫ್ಟ್‌ವೇರ್‌ನಲ್ಲಿ ಟೇಬಲ್ (ಒಂದೇ ಕೆಲಸವನ್ನು ಬೇರೆ ಬೇರೆ ಬೆಲೆಗೆ ಮತ್ತೆ ಮತ್ತೆ ಮಾಡಿಸುವ ಆದೇಶ) ಹಾಕಿ ಎನ್ 1ರಿಂದ 5ರವರೆಗೆ ಸೈನ್ ಎನ್ಎಕ್ಸ್ ಫಂಕ್ಷನ್‌ಗಳನ್ನು ಕಂಪೈಲ್ ಮಾಡಿದೆ, ಅಂದರೆ ವೇಗವಾಗಿ ಓಡುವ ರೂಪಕ್ಕೆ ಬದಲಿಸಿದೆ. ಪ್ಲಾಟ್ ಮಾಡಿದರೆ ಗೆರೆಯೇ ಇಲ್ಲದ ಖಾಲಿ ಚೌಕ. ಹೊರಗೆ ಎನ್‌ಗೆ 3 ಅಂತ ಬೆಲೆ ಕೊಟ್ಟು ನೋಡಿದೆ, ಆಗ ಐದೂ ಗೆರೆ ಒಂದರ ಮೇಲೊಂದು ಕೂತವು. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಎನ್ ಫಂಕ್ಷನ್ ಒಳಗೆ ಹೋಗಿಯೇ ಇಲ್ಲ. ಕಂಪೈಲ್ ತನಗೆ ಕೊಟ್ಟದ್ದನ್ನು ಮೊದಲು ಲೆಕ್ಕ ಹಾಕಿ ನೋಡುವುದಿಲ್ಲ, ಬರೆದದ್ದನ್ನು ಹಾಗೇ ಹಿಡಿದುಕೊಳ್ಳುತ್ತದೆ. ಟೇಬಲ್ ಐದು ಸಲ ತಿರುಗಿತು ನಿಜ, ಆದರೆ ಐದು ಸಲವೂ ಒಳಗೆ ಕೂತದ್ದು ಎನ್ ಅನ್ನುವ ಹೆಸರು ಮಾತ್ರ. ಟೇಬಲ್ ಮುಗಿದ ಮೇಲೆ ಆ ಹೆಸರಿಗೆ ಬೆಲೆ ಇಲ್ಲ, ಅದಕ್ಕೇ ಖಾಲಿ ಚೌಕ. ನೀವು ಹೊರಗೆ 3 ಕೊಟ್ಟಾಗ ಐದೂ ಫಂಕ್ಷನ್‌ಗಳು ಅದೇ 3ನ್ನು ಓದಿಕೊಂಡವು, ಅಲ್ವಾ?

ಪರಿಹಾರ ಸಣ್ಣದು. ಕಂಪೈಲ್ ಸುತ್ತ ವಿತ್ ಅನ್ನುವ ಆದೇಶ ಹಾಕಿ, ಅದರಲ್ಲಿ ಎನ್‌ಗೆ ಎನ್‌ನ ಈಗಿನ ಬೆಲೆಯನ್ನೇ ಕೊಡಿ. ಆಗ ಕಂಪೈಲ್ ಶುರುವಾಗುವ ಮೊದಲೇ ಹೆಸರು ಹೋಗಿ ಆ ಜಾಗದಲ್ಲಿ 1, 2, 3 ಅಂತ ಅಂಕಿಯೇ ಬಂದಿರುತ್ತದೆ. ಮೊದಲೇ ತಯಾರು ಮಾಡಿಟ್ಟ ದೊಡ್ಡ ಸೂತ್ರವೊಂದಿದ್ದರೆ, ಅದರ ಹೆಸರನ್ನು ಸುಮ್ನೆ ಕಂಪೈಲ್ ಒಳಗೆ ಬರೆಯಬೇಡಿ, ಮೊದಲೇ ಲೆಕ್ಕ ಹಾಕಿಸುವ ಇವ್ಯಾಲ್ಯುಯೇಟ್ ಅನ್ನುವ ಆದೇಶದ ಒಳಗೆ ಇಟ್ಟು ಕೊಡಿ.

ನಾನೂ ಇಲ್ಲೇ ಎಡವಿದವನು. ಐವತ್ತು ಪದಗಳ ಫೂರಿಯೇ ಮೊತ್ತವೊಂದನ್ನು (ಸೈನ್, ಕೊಸೈನ್‌ಗಳನ್ನು ಕೂಡಿಸಿದ ಸೂತ್ರ) ಕಂಪೈಲ್ ಮಾಡಿ, ಸ್ವಲ್ಪವೂ ವೇಗ ಹೆಚ್ಚಲಿಲ್ಲವಲ್ಲ ಅಂತ ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಕಂಪೈಲ್ಡ್‌ಫಂಕ್ಷನ್‌ಟೂಲ್ಸ್ ಪ್ಯಾಕೇಜ್ ಲೋಡ್ ಮಾಡಿ ಕಂಪೈಲ್‌ಪ್ರಿಂಟ್ ಓಡಿಸಿದೆ. ಒಳಗಿನ ಸೂಚನೆಗಳು ಸಾಲಾಗಿ ಬಂದವು, ನಡುವೆ ಮೇನ್‌ಇವ್ಯಾಲ್ಯುಯೇಟ್ ಅನ್ನುವ ಒಂದು ಸಾಲು. ಆ ಸಾಲು ಕಂಡರೆ, ಕಂಪೈಲ್ ಆದ ಕೋಡ್ ಅಷ್ಟು ಭಾಗದ ಲೆಕ್ಕವನ್ನು ಮತ್ತೆ ಮ್ಯಾಥಮ್ಯಾಟಿಕಾದ ಮಾಮೂಲಿ ದಾರಿಗೇ ಒಪ್ಪಿಸುತ್ತಿದೆ ಅಂತ ತಿಳಿಯಿರಿ. ಇವತ್ತಿಗೂ ನಾನು ಏನೇ ಕಂಪೈಲ್ ಮಾಡಿದರೂ ಮೊದಲು ಹುಡುಕುವುದು ಆ ಸಾಲನ್ನೇ.

ಪ್ರಶ್ನೆ: ಐದೂ ಗೆರೆಗೆ ಬೇರೆ ಬೇರೆ ಬಣ್ಣ ಬರಲಿ ಅಂತ ಪ್ಲಾಟ್ ಒಳಗೆ ಇವ್ಯಾಲ್ಯುಯೇಟ್ ಹಾಕಿದೆ. ಗ್ರಾಫ್ ಬಂತು, ಜೊತೆಗೆ ಎಕ್ಸ್ ಒಂದು ರಿಯಲ್ ಸಂಖ್ಯೆ ಆಗಿರಬೇಕು ಅಂತ ಕೆಂಪು ಎಚ್ಚರಿಕೆಯೂ ಬಂತು. ಗ್ರಾಫ್ ಸರಿ ಇದೆಯಲ್ಲ, ಬಿಟ್ಟುಬಿಡಬಹುದೇ?

ಉತ್ತರ: ಬಿಡಬೇಡಿ. ಚಿತ್ರ ಸರಿಯೇ, ಆದರೆ ನೀವು ಕಂಪೈಲ್ ಮಾಡಿದ್ದು ಬಳಕೆಗೇ ಬಂದಿಲ್ಲ. ಇವ್ಯಾಲ್ಯುಯೇಟ್ ಹಾಕಿದ್ದರಿಂದ ಎಕ್ಸ್‌ಗೆ ಇನ್ನೂ ಅಂಕಿ ಸಿಗುವ ಮೊದಲೇ ಆ ಅಕ್ಷರ ಫಂಕ್ಷನ್ ಕೈಗೆ ಹೋಯಿತು, ಅದು ಎಚ್ಚರಿಕೆ ಕೊಟ್ಟು ಕಂಪೈಲ್ ಆಗದ ಮಾಮೂಲಿ ಸೂತ್ರವನ್ನು ವಾಪಸ್ ಕೊಟ್ಟಿತು, ಪ್ಲಾಟ್ ಅದನ್ನೇ ಎಳೆಯಿತು.

ಹೀಗೆ ಮಾಡಿ: ಜಿ ಅಂತ ಒಂದು ಹೊರ ಫಂಕ್ಷನ್ ಬರೆಯಿರಿ. ಅದಕ್ಕೆ ಎನ್ ಮತ್ತು ಎಕ್ಸ್ ಎರಡೂ ಹೋಗಲಿ, ಎಕ್ಸ್ ಆದ ಮೇಲೆ ಪ್ರಶ್ನೆ ಚಿಹ್ನೆ ಇಟ್ಟು ನ್ಯೂಮೆರಿಕ್‌ಕ್ಯೂ (ಬಂದದ್ದು ಅಂಕಿಯೇ ಅಂತ ನೋಡುವ) ಷರತ್ತು ಸೇರಿಸಿ. ಒಳಗೆ ಎನ್‌ನೆಯ ಕಂಪೈಲ್ಡ್ ಫಂಕ್ಷನ್ನನ್ನು ಕರೆಯಿರಿ. ಈಗ ಇವ್ಯಾಲ್ಯುಯೇಟ್ ಹಾಕಿದರೂ ಜಿ ಅಂಕಿ ಬರುವ ತನಕ ಕಾಯುತ್ತದೆ, ಪ್ಲಾಟ್‌ಗೆ ಐದು ಬೇರೆ ಗೆರೆ ಇವೆ ಅಂತಲೂ ಗೊತ್ತಾಗುತ್ತದೆ, ಬಣ್ಣವೂ ಸಿಗುತ್ತದೆ.

ಇನ್ನೊಂದು ಮಾತು. ಬರೀ ಸೈನ್ ಎಳೆಯಲು ಇಷ್ಟೆಲ್ಲ ಬೇಡ, ಪ್ಲಾಟ್ ತನ್ನಷ್ಟಕ್ಕೆ ತಾನೇ ಕಂಪೈಲ್ ಮಾಡಿಕೊಳ್ಳಲು ನೋಡುತ್ತದೆ. ಒಳಗೆ ಲೂಪ್ ಇರುವ ಲೆಕ್ಕ, ಮ್ಯಾಂಡೆಲ್‌ಬ್ರಾಟ್ ಚಿತ್ರದಂತೆ ಒಂದೊಂದು ಚುಕ್ಕೆಗೂ ನೂರಾರು ಸಲ ತಿರುಗುವ ಲೆಕ್ಕ ಇದ್ದರೆ ಆಗ ಕಂಪೈಲ್‌ನ ಲಾಭ ಕಣ್ಣಿಗೇ ಕಾಣುತ್ತದೆ. ಅಂಥ ಕಡೆ, ನಿಮ್ಮ ಕಂಪ್ಯೂಟರ್‌ನಲ್ಲಿ ಸಿ ಭಾಷೆಯ ಕಂಪೈಲರ್ ಇದ್ದರೆ, ಕಂಪೈಲ್‌ನ ಕಂಪೈಲೇಶನ್‌ಟಾರ್ಗೆಟ್ ಅನ್ನುವ ಆಯ್ಕೆಯನ್ನು ಸಿ ಅಂತ ಕೊಟ್ಟು ನೋಡಿ, ವೇಗ ಇನ್ನೂ ಜಾಸ್ತಿಯಾಗುತ್ತದೆ.