ಮೂರೂವರೆ ತಾಸಿನ ಸಿನಿಮಾ ನೋಡಬಹುದಾ?

‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ ಇಷ್ಟುದ್ದ ಇದೆ, ಕೂತು ನೋಡಬಹುದಾ ಅಂತ ಕೇಳಿದ್ದೀರಿ. ನೋಡ್ರಿ, ಆದರೆ ಎರಡು ಕಂತಿನಲ್ಲಿ. 206 ನಿಮಿಷ ಒಂದೇ ಸಲಕ್ಕೆ ಜಾಸ್ತಿಯಾಯಿತು. ಕೊಲೆಗಾರರು ಯಾರು ಅಂತ ಬೇಗ ಗೊತ್ತಾಗುತ್ತದೆ, ಪತ್ತೇದಾರಿ ಮಜಾ ಹುಡುಕಬೇಡಿ. 1920ರ ದಶಕದ ಅಮೆರಿಕದ ಓಕ್ಲಹೋಮಾ ರಾಜ್ಯ. ಅಲ್ಲಿನ ಮೂಲನಿವಾಸಿಗಳಾದ ಓಸೇಜ್ ಜನರ ನೆಲದಡಿ ಎಣ್ಣೆ ಸಿಕ್ಕಿದೆ. ಆ ದುಡ್ಡಿಗಾಗಿ, ಮದುವೆಯಾಗಿ ಮನೆ ಹೊಕ್ಕವರೇ ಮನೆಯವರನ್ನು ಮುಗಿಸುತ್ತಾರೆ. ಓಸೇಜ್ ಹೆಂಡತಿಯ ಪಾತ್ರದಲ್ಲಿ ಲಿಲಿ ಗ್ಲಾಡ್‌ಸ್ಟನ್ ಮಾತಾಡದೆ ಗಂಡನನ್ನು ದಿಟ್ಟಿಸುವುದಿದೆಯಲ್ಲ, ಅದಕ್ಕಾದರೂ ನೋಡಿ. ಸಂಡೂರಿನ ಅದಿರು ಲಾರಿಗಳ ಕೆಂಪು ದೂಳು ಕುಡಿದ ನಮ್ಮ ಬಳ್ಳಾರಿ ಕಡೆಯವರಿಗೆ ಈ ಕಥೆ ಬೇಗ ನಾಟುತ್ತದೆ, ಅಲ್ವಾ?

ಅಷ್ಟು ಪುರುಸೊತ್ತಿಲ್ಲದಿದ್ದರೆ 2016ರ ‘ಹೆಲ್ ಆರ್ ಹೈ ವಾಟರ್’ ಹಾಕಿ. ಜಮೀನು ಉಳಿಸಿಕೊಳ್ಳಲು ಅಣ್ಣತಮ್ಮ ಬ್ಯಾಂಕ್ ದೋಚುತ್ತಾರೆ. ಎರಡು ತಾಸೂ ಇಲ್ಲ. ಅವರ ಬೆನ್ನು ಹತ್ತುವ ಪೊಲೀಸ್ ಪಾತ್ರದ ಜೆಫ್ ಬ್ರಿಡ್ಜಸ್ ಬರೀ ಗೊಣಗುತ್ತಾನೆ, ಸಬ್‌ಟೈಟಲ್ ಇರಲಿ.