ಮಣ್ಣಿನ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾವಿರುವುದು ವಿದ್ಯಾರಣ್ಯಪುರದಲ್ಲಿ. ದೊಡ್ಡಬಳ್ಳಾಪುರದ ಕಡೆ ನಮ್ಮ ಮಾವನವರ ಎರಡು ಎಕರೆ ಖುಷ್ಕಿ ಜಮೀನಿದೆ. ದಿಬ್ಬದಿಂದ ಶುರುವಾಗಿ ಕೆರೆ ಕಡೆಗೆ ಇಳಿಯುತ್ತದೆ. ಮೇಲೊಂದು ಕಡೆ, ಕೆಳಗೊಂದು ಕಡೆ ಮಣ್ಣು ತೆಗೆದು ಪರೀಕ್ಷೆ ಮಾಡಿಸಿದೆ. ಎರಡೂ ವರದಿ ಹೆಚ್ಚು ಕಡಿಮೆ ಒಂದೇ. ರಸಸಾರ (ಪಿಎಚ್) 6ರ ಆಸುಪಾಸು, ಸಾವಯವ ಇಂಗಾಲ ಶೇ 0.4. ಆದರೆ ಮಾವ ಒಪ್ಪುತ್ತಿಲ್ಲ. ‘ಮೇಲಿನದು ಕೆಮ್ಮಣ್ಣು, ಕೆಳಗಿನದು ಜಿಗುಟು ಗೋಡು. ಎರಡೂ ಒಂದೇ ಅಂದವರು ಯಾರು?’ ಎನ್ನುತ್ತಾರೆ. ಪರಿಚಯದ ಕೃಷಿ ಪದವೀಧರರೊಬ್ಬರು ‘ಆಲ್ಫಿಸಾಲ್ ಜಾತಿಯ ಮಣ್ಣು ಇರಬೇಕು’ ಎಂದು ಹೇಳಿ, ಮಳೆ ಎಷ್ಟು, ಇಳಿಜಾರು ಎಷ್ಟು ಎಂದು ಕೇಳಿದರು. ಮಣ್ಣಿನ ಜಾತಿ ತಿಳಿಯೋಕೆ ಮಳೆ ಲೆಕ್ಕ ಯಾಕೆ ಬೇಕು?

ಉತ್ತರ: ನಿಮ್ಮ ಮಾವನ ಮಾತು ಸರಿ. ವರದಿಯೂ ಸುಳ್ಳಲ್ಲ. ಇದು ಹೇಗೆ ಅಂತ ನೋಡೋಕೆ ಒಂದು ಭಾನುವಾರ ನಾನೇ ನಿಮ್ಮ ಹೊಲಕ್ಕೆ ಬಂದಿದ್ದೆನಲ್ಲ, ಅವತ್ತು ಕಂಡದ್ದನ್ನು ಉಳಿದ ಓದುಗರಿಗೂ ಹೇಳಿಬಿಡುತ್ತೇನೆ.

ಮೊದಲು ಆ ವರದಿ. ನೀವು ಕೊಟ್ಟಿದ್ದು ಮೇಲಿನ ಅರ್ಧ ಅಡಿ ಮಣ್ಣು. ಗೊಬ್ಬರದ ಲೆಕ್ಕಕ್ಕೆ ಅಷ್ಟು ಸಾಕು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಬರುತ್ತವೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್, ಇನ್ನೂ ಕೆಲವು. ಜೊತೆಗೆ ರಸಸಾರ, ಲವಣಾಂಶ, ಸಾವಯವ ಇಂಗಾಲ. ಆ ಹನ್ನೆರಡರಲ್ಲಿ ಮರಳೆಷ್ಟು ಜೇಡಿ ಎಷ್ಟು ಅನ್ನೋದು ಇಲ್ಲ. ಎರಡನೇ ಅಡಿಯಲ್ಲಿ ಏನಿದೆ ಅನ್ನೋದೂ ಇಲ್ಲ. ಈ ಬೆಳೆಗೆ ಏನು ಕೊರತೆ ಅಂತ ಚೀಟಿ ಹೇಳುತ್ತದೆ. ಮಣ್ಣಿನ ಜಾತಿ ತಿಳಿಯಬೇಕಾದರೆ ಗುಂಡಿ ತೋಡಲೇಬೇಕು.

ಈ ಮಾತನ್ನು ನಾನು ಪೆಟ್ಟು ತಿಂದೇ ಕಲಿತದ್ದು. ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಬ್ಬ ರೈತರು ಎರಡು ಬಟ್ಟೆ ಚೀಲ ತಂದುಕೊಟ್ಟರು. ಎರಡರ ಅಂಕಿಯೂ ಜೋಡಿ ಎತ್ತಿನ ಹಾಗೆ ಒಂದೇ ಥರ ಬಂದವು. ಎರಡು ಜಾಗಕ್ಕೂ ಪರಂಗಿ ಹಾಕಬಹುದು ಅಂತ ಬರೆದುಕೊಟ್ಟೆ. ದಿಬ್ಬದ ಗಿಡಗಳು ಚೆನ್ನಾಗಿ ಬಂದವು. ಕೆಳಗಿನ ಗಿಡಗಳಿಗೆ ಹಿಂಗಾರಿನಲ್ಲಿ ನೀರು ನಿಂತು ಬುಡ ಕೊಳೆಯಿತು. ಆ ರೈತರು ಕೊಳೆತ ಗಿಡವನ್ನು ಬೇರು ಸಮೇತ ತಂದು ನನ್ನ ಮೇಜಿನ ಮೇಲಿಟ್ಟರು. ಒಂದು ಮಾತೂ ಬೈಯಲಿಲ್ಲ. ಜಾಗ ಹೇಗಿದೆ ಅಂತ ನಾನು ಕೇಳಿರಲೇ ಇಲ್ಲ. ಅವತ್ತಿನಿಂದ ಚೀಲ ಯಾರೇ ತರಲಿ, ‘ದಿಬ್ಬವೋ, ಇಳಿಜಾರೋ, ತಗ್ಗೋ?’ ಅನ್ನೋದು ನನ್ನ ಮೊದಲ ಪ್ರಶ್ನೆ.

ಈಗ ಆ ಭಾನುವಾರ ನಿಮ್ಮ ಹೊಲದಲ್ಲಿ ತೋಡಿಸಿದ ಎರಡು ಗುಂಡಿಗಳಿಗೆ ಬರೋಣ. ದಿಬ್ಬದ ಗುಂಡಿಯಲ್ಲಿ ಇಳಿದು, ಬಿಸಿಲು ಬೀಳುವ ಗೋಡೆಯನ್ನು ಚಾಕುವಿನಿಂದ ಕೆರೆದೆ. ಮೇಲಿನ ಒಂದು ಗೇಣು ಕಂದುಗೆಂಪು. ಬೆರಳಿಗೆ ಮರಳು ಮರಳು. ನೀರು ಹಾಕಿ ನಾದಿ, ಹೆಬ್ಬೆರಳಿನಿಂದ ಒತ್ತಿ ಪಟ್ಟಿ ಎಳೆಯಲು ನೋಡಿದರೆ ಅರ್ಧ ಇಂಚಿಗೇ ಮುರಿಯಿತು. ಅದರ ಕೆಳಗೆ ಬಣ್ಣ ಗಾಢವಾಯಿತು, ಒದ್ದೆ ಇಟ್ಟಿಗೆಯ ಕೆಂಪು. ಪಟ್ಟಿ ಎರಡು ಇಂಚು ದಾಟಿತು, ಅಂದರೆ ಇಲ್ಲಿ ಜೇಡಿ ಜಾಸ್ತಿ. ಒಂದು ಹೆಂಟೆ ಮುರಿದು ಭೂತಗನ್ನಡಿಯಲ್ಲಿ ನಿಮ್ಮ ಮಾವನಿಗೂ ತೋರಿಸಿದೆ, ನೆನಪಿದೆಯಾ? ಹೆಂಟೆಯ ಮೈಮೇಲೆ ಮೇಣ ಸವರಿದ ಹಾಗೆ ತೆಳ್ಳಗೆ ಹೊಳಪು. ಅದೇ ಜೇಡಿಯ ಲೇಪ. ಸಾವಿರಾರು ವರ್ಷ ಮಳೆನೀರು ಇಳಿಯುವಾಗ ಮೇಲಿನ ಪದರದ ಸಣ್ಣ ಜೇಡಿ ಕಣಗಳನ್ನು ಹೊತ್ತು ತಂದು, ಇಲ್ಲಿ ಹೆಂಟೆಗಳ ಸಂದಿಯಲ್ಲಿ ಬಿಟ್ಟು ಹೋಗಿದೆ. ನಾಲ್ಕು ಅಡಿ ದಾಟಿದ ಮೇಲೆ ಬಿಳಿ ಚುಕ್ಕೆಯ ಗರಸು. ಗುದ್ದಲಿಗೆ ಪುಡಿಯಾಗುತ್ತದೆ, ಆದರೂ ಕಲ್ಲಿನ ಪಟ್ಟೆ ಹಾಗೇ ಕಾಣುತ್ತದೆ. ಲಾಲ್‌ಬಾಗಿನ ಬಂಡೆ ಹತ್ತಿದ್ದೀರಲ್ಲ, ಅದೇ ನೈಸ್ ಜಾತಿಯ ಕಲ್ಲು ಕೊಳೆತು ಹೀಗಾಗಿದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ.

ಪ್ರತಿ ಪದರದ್ದೂ ಬೇರೆ ಬೇರೆ ಚೀಲ ಮಾಡಿ ತಂದೆ. ನೆರಳಲ್ಲಿ ಒಣಗಿಸಿ, ಮರದ ಕೊಡತಿಯಿಂದ ಮೆಲ್ಲಗೆ ಕುಟ್ಟಿ, 2 ಮಿಲಿಮೀಟರ್ ಜರಡಿ ಹಿಡಿದದ್ದಾಯಿತು. ಮುಂದಿನ ಕೆಲಸ ಮರಳು, ಹೂಳು, ಜೇಡಿ ಬೇರೆ ಮಾಡೋದು. ನಮ್ಮ ಕೆಮ್ಮಣ್ಣು ಮೋಸ ಮಾಡೋದು ಇಲ್ಲೇ. ಅದರ ಜೇಡಿ ಕಣಗಳನ್ನು ಕಬ್ಬಿಣದ ಆಕ್ಸೈಡು ಅಂಟಿನ ಹಾಗೆ ಹಿಡಿದಿರುತ್ತದೆ. ಸುಮ್ನೆ ನೀರಲ್ಲಿ ಕದಡಿದರೆ ಜೇಡಿಯ ಉಂಡೆಗಳೇ ಮರಳಿನ ಲೆಕ್ಕಕ್ಕೆ ಸೇರಿಬಿಡುತ್ತವೆ. ಅದಕ್ಕೇ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ ಚೆನ್ನಾಗಿ ಅಲ್ಲಾಡಿಸಬೇಕು. ಆಮೇಲೆ ಲೀಟರಿನ ಗಾಜಿನ ಕೊಳವೆಯಲ್ಲಿ ಬಿಟ್ಟು ಕಾಯಬೇಕು. ಮರಳು ಕೆಲವೇ ನಿಮಿಷದಲ್ಲಿ ತಳ ಸೇರುತ್ತದೆ. ಜೇಡಿ ಕಣ ಅಂದರೆ 0.002 ಮಿಲಿಮೀಟರಿಗಿಂತ ಸಣ್ಣದು. ಅದಕ್ಕಿಂತ ದಪ್ಪದ್ದೆಲ್ಲ ಮೇಲಿನ 10 ಸೆಂಟಿಮೀಟರು ದಾಟಿ ಕೆಳಗಿಳಿಯಲು, ನೀರು 20 ಡಿಗ್ರಿ ಇದ್ದರೆ ಸುಮಾರು 8 ಗಂಟೆ ಬೇಕು. ನೀರು ಬೆಚ್ಚಗಿದ್ದರೆ ಬೇಗ. ಹಾಗಾಗಿ ಕೊಳವೆಯ ಪಕ್ಕ ಉಷ್ಣಮಾಪಕ ಇರಲೇಬೇಕು. ಅವಸರ ಮಾಡಿದ ವರದಿಯನ್ನು ನಾನು ನಂಬುವುದಿಲ್ಲ.

ನಿಮ್ಮ ದಿಬ್ಬದ ಮಣ್ಣಲ್ಲಿ ಜೇಡಿ ಮೇಲೆ ಶೇ 18, ಎರಡನೇ ಪದರದಲ್ಲಿ ಶೇ 40. ಈ ಏರಿಕೆಯೇ ಆಲ್ಫಿಸಾಲಿನ ಮೊದಲ ಗುರುತು. ಇನ್ನೊಂದು, ಮಣ್ಣು ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷನ್ನು ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ ಅನ್ನೋದು. ಒಂದು ಕಿಲೋ ಮಣ್ಣಿಗೆ 6 ಸೆಂಟಿಮೋಲ್ (ಹೀಗೆ ಹಿಡಿದಿಡುವ ಶಕ್ತಿಯ ಅಳತೆ) ಬಂತು. ಅದನ್ನು ಜೇಡಿಯ ಪಾಲಿಗೆ ಹಂಚಿದರೆ ಕಿಲೋ ಜೇಡಿಗೆ 15. ಎರೆಮಣ್ಣಿನ ಜೇಡಿ ಇದರ ಐದಾರು ಪಟ್ಟು ಹಿಡಿಯಬಲ್ಲದು. ಅಂದರೆ ನಿಮ್ಮದು ಕೆಯೋಲಿನೈಟ್ ಜಾತಿಯ ಜೇಡಿ. ಉಬ್ಬೋದಿಲ್ಲ, ಬಿರುಕು ಬಿಡೋದಿಲ್ಲ, ಆದರೆ ಕೈ ಚಿಕ್ಕದು. ಗೊಬ್ಬರವನ್ನು ಒಂದೇ ಸಲ ಸುರಿದರೆ ಹಿಡಿದುಕೊಳ್ಳಲಾರದು, ಕಂತಿನಲ್ಲಿ ಕೊಡಬೇಕು. ಇದ್ದಷ್ಟು ಜಾಗದಲ್ಲಿ ಶೇ 60ರಷ್ಟನ್ನು ಸುಣ್ಣ, ಮೆಗ್ನೀಷಿಯಂನಂಥ ಒಳ್ಳೆಯ ಅಂಶಗಳೇ ತುಂಬಿವೆ. ಇದು ಶೇ 35ಕ್ಕಿಂತ ಕಡಿಮೆ ಇದ್ದಿದ್ದರೆ ಹೆಸರೇ ಬೇರೆ ಆಗುತ್ತಿತ್ತು, ಅಲ್ಟಿಸಾಲ್. ಮಲೆನಾಡಿನ ಜಾಸ್ತಿ ಮಳೆಯಲ್ಲಿ ತೊಳೆದುಹೋದ ಮಣ್ಣುಗಳಲ್ಲಿ ಹಾಗಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಮಳೆ ಯಾಕೆ ಬೇಕು? ಒಂದೇ ಕಲ್ಲಿನಿಂದ ಒಣ ಸೀಮೆಯಲ್ಲಿ ಒಂದು ಮಣ್ಣು ಆಗುತ್ತದೆ, ಮಳೆ ಸೀಮೆಯಲ್ಲಿ ಇನ್ನೊಂದು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. ಜಾಸ್ತಿ ಬೀಳೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ನಮ್ಮ ರೈತರ ಲೆಕ್ಕದಲ್ಲಿ ಉತ್ತರೆ, ಹಸ್ತ, ಚಿತ್ತೆ. ಜನವರಿ, ಫೆಬ್ರುವರಿಯಲ್ಲಿ ಹನಿ ಬಿದ್ದರೆ ಪುಣ್ಯ. ಅಂದರೆ ಬೇರಿನ ಮಟ್ಟದ ಮಣ್ಣು ವರ್ಷದಲ್ಲಿ 90 ದಿನಕ್ಕಿಂತ ಹೆಚ್ಚು ಒಣಗಿರುತ್ತದೆ, ಆದರೆ ರಾಗಿ ತೆನೆ ಕಟ್ಟುವ ಹೊತ್ತಿಗೆ ಹಸಿ ಇರುತ್ತದೆ. ಇಂಥ ಹದಕ್ಕೆ ‘ಅಸ್ಟಿಕ್’ ಅಂತ ಹೆಸರು. ಹಾಗೇ ಅರ್ಧ ಮೀಟರ್ ಆಳದಲ್ಲಿ ಮಣ್ಣಿನ ಬಿಸಿ ನೋಡಬೇಕು. ನಮ್ಮಲ್ಲಿ ವರ್ಷದ ಸರಾಸರಿ 22 ಡಿಗ್ರಿ ದಾಟುತ್ತದೆ. ಜೂನ್‌ನಿಂದ ಆಗಸ್ಟ್, ಡಿಸೆಂಬರ್‌ನಿಂದ ಫೆಬ್ರುವರಿ, ಈ ಎರಡು ಕಾಲದ ವ್ಯತ್ಯಾಸ 6 ಡಿಗ್ರಿಯೂ ಇರುವುದಿಲ್ಲ. ಅದಕ್ಕೂ ಒಂದು ಹೆಸರಿದೆ, ಐಸೋಹೈಪರ್‌ಥರ್ಮಿಕ್. ಹೆಸರು ಉದ್ದ, ಅರ್ಥ ಇಷ್ಟೇ: ವರ್ಷವಿಡೀ ಬೆಚ್ಚಗೆ, ಏರಿಳಿತ ಕಡಿಮೆ. ಸಾವಯವ ಇಂಗಾಲ ಇಲ್ಲಿ ಯಾಕೆ ನಿಲ್ಲುವುದಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ. ಹಾಕಿದ ಗೊಬ್ಬರವನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಇಲ್ಲಿ ಚಳಿಗಾಲದ ರಜೆಯೇ ಇಲ್ಲ.

ಇನ್ನೂ ಒಂದು ಮಾತಿದೆ, ನನಗೆ ಬಹಳ ಇಷ್ಟವಾದ ಮಾತು. ಇಷ್ಟು ಕೆಂಪು, ಇಷ್ಟು ಆಳ, ಇಷ್ಟು ಜೇಡಿ, ಇವತ್ತಿನ ಈ ಮಳೆಯಿಂದ ಆದದ್ದಲ್ಲ ಅಂತ ಮಣ್ಣು ತಿಳಿದವರಲ್ಲಿ ಹಲವರು ಹೇಳುತ್ತಾರೆ. ಒಂದಾನೊಂದು ಕಾಲದಲ್ಲಿ ಇಲ್ಲಿ ಇದಕ್ಕಿಂತ ಜಾಸ್ತಿ ಮಳೆ ಇತ್ತು. ಆ ಕಾಲದ ಗುರುತನ್ನು ನಿಮ್ಮ ದಿಬ್ಬ ಇನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. ಅದಕ್ಕೇ ಹವಾಮಾನದ ಅಂಕಿಗಳನ್ನು ಗುಂಡಿಯ ಪಕ್ಕದಲ್ಲಿಟ್ಟೇ ಓದಬೇಕು.

ಹಾಗಾದರೆ ಕೆಳಗಿನ ಗುಂಡಿ? ಮೇಲಿನ ಮುಕ್ಕಾಲು ಅಡಿ ಅದೇ ಕಂದುಗೆಂಪು ಮರಳು ಮಣ್ಣು. ಅಲ್ಲಿಂದ ಕೆಳಗೆ ಬೂದು ಬಣ್ಣದ ಜೇಡಿ, ನಡುನಡುವೆ ತುಕ್ಕಿನ ಚುಕ್ಕೆ. ಚಾಕು ಅಂಟಿಕೊಂಡು ಬಿಡಲೇ ಇಲ್ಲ. ದಿಬ್ಬದ ಮೇಲ್ಮಣ್ಣು ಮಳೆಗೆ ಕೊಚ್ಚಿ ಬಂದು ಹಳೆಯ ಗೋಡಿನ ಮೇಲೆ ಹೊದಿಕೆಯಾಗಿ ಕೂತಿದೆ. ನಿಮ್ಮ ಎರಡೂ ಚೀಲ ತುಂಬಿದ್ದು ಒಂದೇ ದಿಬ್ಬದ ಮಣ್ಣಿನಿಂದ. ವರದಿ ಒಂದೇ ಥರ ಬಂದದ್ದು ಅದಕ್ಕೇ! ಕೆಳಗೆ ನೀರು ನಿಲ್ಲುವುದರಿಂದ ಕಬ್ಬಿಣ ಕೆಂಪು ಕಳೆದುಕೊಂಡು ಬೂದಾಗುತ್ತದೆ. ಮೇಲಿಂದ ಕರಗಿ ಬಂದ ಸುಣ್ಣ, ಸಿಲಿಕಾ ಇಲ್ಲಿ ಸೇರಿ ಬೇರೆಯೇ ಜೇಡಿ ಹುಟ್ಟುತ್ತದೆ. ನಿಮ್ಮ ಮಾವ ಇದನ್ನು ಉಳುವಾಗ ನೇಗಿಲ ತುದಿಯಲ್ಲಿ ಕಂಡಿದ್ದಾರೆ.

ಹೀಗಾಗಿ ದಿಬ್ಬದ್ದು ಆಲ್ಫಿಸಾಲ್, ಅದರೊಳಗೆ ಅಸ್ಟಿಕ್ ಹದದ ಅಸ್ಟಾಲ್ಫ್. ಹೆಸರಿನ ‘ಆಲ್’ ಅಲ್ಯೂಮಿನಿಯಂನದು, ‘ಎಫ್’ ಕಬ್ಬಿಣದ್ದು. ನಮ್ಮ ಜಿಕೆವಿಕೆಯ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ) ಕೆಮ್ಮಣ್ಣೂ ಈ ಬಳಗದ್ದೇ, ಅದನ್ನು ವಿಜಯಪುರ ಸರಣಿ ಅನ್ನುತ್ತಾರೆ. ಸರಣಿ ಅಂದರೆ ಒಂದೇ ಥರದ ಪದರಗಳಿರುವ ಮಣ್ಣುಗಳ ಗುಂಪು. ಉತ್ತರದ ಎರೆಮಣ್ಣಿನ ವಿಜಯಪುರ ಅಂದುಕೊಳ್ಳಬೇಡಿ, ಇದು ದೇವನಹಳ್ಳಿ ತಾಲ್ಲೂಕಿನದು. ನಿಮ್ಮದೂ ಅದೇ ಸರಣಿ ಅಂತ ಒಂದು ಗುಂಡಿ ನೋಡಿ ಬರೆಯಲಾರೆ, ಇನ್ನೆರಡು ಗುಂಡಿ ಬೇಕು. ಕೆಳಗಿನ ಗೋಡಿಗೂ ಹೆಸರಿಡೋ ಮೊದಲು ಮಳೆಗಾಲದಲ್ಲಿ ನೀರು ಎಷ್ಟು ದಿನ, ಎಷ್ಟು ಆಳದಲ್ಲಿ ನಿಲ್ಲುತ್ತದೆ ಅಂತ ಬರೆದಿಡಿ. ಅಷ್ಟರೊಳಗೆ ದಿಬ್ಬದಲ್ಲಿ ರಾಗಿ, ಅವರೆ, ಬೇಕಾದರೆ ಮಾವು ಹಾಕಿ. ಕೆಳಗೆ ಪರಂಗಿ ಮಾತ್ರ ಬೇಡ. ಮಧ್ಯದಲ್ಲಿ ಅಡ್ಡ ಬದು ಹಾಕಿಸಿ, ಮೇಲ್ಮಣ್ಣು ಇನ್ನಷ್ಟು ಇಳಿಯದಿರಲಿ.

ಪ್ರಶ್ನೆ: ಜಯನಗರದಲ್ಲಿ ನಮ್ಮ ಮನೆ ತಾರಸಿಯಲ್ಲಿ ತರಕಾರಿ ಬೆಳೆಯುತ್ತೇನೆ. ‘ಒಳ್ಳೆ ಕೆಮ್ಮಣ್ಣು’ ಅಂತ ಮೂಟೆಯಲ್ಲಿ ಕೊಂಡದ್ದು ಎರಡೇ ವಾರದಲ್ಲಿ ಇಟ್ಟಿಗೆಯಂತೆ ಗಟ್ಟಿಯಾಯಿತು. ಇದು ಯಾವ ಜಾತಿ ಮಣ್ಣಮ್ಮ?

ಉತ್ತರ: ಜಾತಿ ಮೇಲೆ ಹೇಳಿದ್ದೇ ಇರಬಹುದು, ಆದರೆ ಪದರ ತಪ್ಪು. ಬೆಂಗಳೂರಿನಲ್ಲಿ ಪಾಯ, ನೆಲಮಾಳಿಗೆ ಅಗೆದಾಗ ಬರುವ ಆಳದ ಮಣ್ಣನ್ನೇ ಹೀಗೆ ಮಾರುವುದುಂಟು. ಕಡುಗೆಂಪು ಬಣ್ಣ ನೋಡಿ ಮರುಳಾಗಬೇಡಿ. ಆ ಬಣ್ಣ ಕಬ್ಬಿಣದ ಆಕ್ಸೈಡಿನದು, ಅದರಿಂದ ಗಿಡಕ್ಕೆ ಸಾರ ಸಿಗುತ್ತದೆ ಅಂತಲ್ಲ. ಅದರಲ್ಲಿ ಬೇರು ಆಡಿಲ್ಲ, ಎಲೆ ಕೊಳೆತಿಲ್ಲ. ಮೂರರಲ್ಲಿ ಒಂದು ಪಾಲು ಈ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇಲ್ಲವೇ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಹಾಕಿ. ಮೇಲೆ ಒಣ ಎಲೆ ಹೊದಿಸಿ. ಬರಿ ಮಣ್ಣಿಗೆ ಹನಿ ಹೊಡೆದಾಗಲೇ ಅದು ಪದರ ಕಟ್ಟಿ ಗಟ್ಟಿಯಾಗೋದು.

ಪ್ರಶ್ನೆ: ಮಣ್ಣಿನ ಜಾತಿ ನೋಡೋಕೆ ಗುಂಡಿ ಯಾವಾಗ ತೋಡಬೇಕು? ಎಷ್ಟು ಆಳ? ಎಲ್ಲಿ? (ಹೊಸಕೋಟೆಯ ಒಬ್ಬ ವಿದ್ಯಾರ್ಥಿನಿ)

ಉತ್ತರ: ಮಳೆ ನಿಂತು ನೆಲ ಹದಕ್ಕೆ ಬಂದಾಗ, ಅಂದರೆ ನಮ್ಮ ಕಡೆ ಡಿಸೆಂಬರ್ ಒಳ್ಳೆಯದಮ್ಮ. ಒಂದೂವರೆ ಮೀಟರ್ ಆಳ, ನಡುವೆ ಗರಸು ಸಿಕ್ಕರೆ ಅಲ್ಲಿಗೆ ಸಾಕು. ತಿಪ್ಪೆ, ಬದು, ಮರದ ಬುಡ, ದಾರಿ ಇವುಗಳಿಂದ ದೂರ ಇರಲಿ. ದಿಬ್ಬದಲ್ಲಿ ಒಂದು, ಇಳಿಜಾರಿನ ನಡುವೆ ಒಂದು, ತಗ್ಗಿನಲ್ಲಿ ಒಂದು, ಒಂದೇ ಗೆರೆಯಲ್ಲಿ ತೋಡಿಸು. ನಮ್ಮ ಸೀಮೆ ಪೂರಾ ಹೀಗೇ ಇದೆ: ಬೆಂಗಳೂರು ಕೂತಿರುವುದೇ ಒಂದು ಏಣಿನ ಮೇಲೆ, ಪಶ್ಚಿಮದ ನೀರು ಅರ್ಕಾವತಿಗೆ, ಪೂರ್ವದ್ದು ದಕ್ಷಿಣ ಪಿನಾಕಿನಿಗೆ. ನಿಮ್ಮ ಹೊಸಕೋಟೆ ಪಿನಾಕಿನಿಯ ಕಡೆಯದು. ಚೀಲ ತುಂಬುವಾಗ ಕೆಳಗಿನ ಪದರದಿಂದ ಶುರು ಮಾಡಿ ಮೇಲೆ ಬಾ, ಆಗ ಮೇಲಿನ ಮಣ್ಣು ಉದುರಿ ಕೆಳಗಿನದಕ್ಕೆ ಬೆರೆಯುವುದಿಲ್ಲ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆ, ಹಸಿ ಮಣ್ಣಿಗೆ ಶಾಯಿ ಅಳಿಸಿಹೋಗುತ್ತದೆ. ಕೆಲಸ ಮುಗಿದ ಕೂಡಲೇ ಗುಂಡಿ ಮುಚ್ಚಿಸು, ಅಲ್ಲಿ ದನಕರು ಓಡಾಡುತ್ತವೆ.